ಆವರಣದ ಆಚೆ: ಧರ್ಮಪುರಿ–ಸೇಲಂ ಹೆದ್ದಾರಿ ಮತ್ತು ವಿದ್ಯಾರ್ಥಿ ಸುರಕ್ಷತೆಯ ಚರಿತ್ರೆ

ವಿಶ್ವವಿದ್ಯಾಲಯದ ನೆಲವನ್ನು ಕನ್ನಡ ‘ಆವರಣ’ ಎಂದು ಕರೆಯುತ್ತದೆ, ತಮಿಳು ‘ವಳಾಗಂ’ ಎನ್ನುತ್ತದೆ. ಸುತ್ತುವರಿದ ಜಾಗ, ಒಳಗು ಹೊರಗುಗಳ ನಡುವೆ ಒಂದು ಗೆರೆ ಎಂಬ ಭಾವ ಎರಡು ಪದಗಳಲ್ಲೂ ಇದೆ. ಇಂಗ್ಲಿಷಿನಿಂದ ಎರಡೂ ಭಾಷೆಗಳ ಬಳಕೆಗೆ ಬಂದಿರುವ ‘ಕ್ಯಾಂಪಸ್’ ಪದದ ಲ್ಯಾಟಿನ್ ಮೂಲಕ್ಕೆ ಮಾತ್ರ ಬಯಲು ಎಂದು ಅರ್ಥ. ವಿದ್ಯಾರ್ಥಿಗಳ ಸುರಕ್ಷತೆಯ ಹೊಣೆ ಎಲ್ಲಿ ಕೊನೆಗೊಳ್ಳುತ್ತದೆ ಎಂಬ ಪ್ರಶ್ನೆ ಈ ಎರಡು ಅರ್ಥಗಳ ನಡುವೆಯೇ ನಿಂತಿದೆ. ಗೋಡೆಯನ್ನು ಗಡಿಯೆಂದು ಎಣಿಸಿದರೆ ಹೊಣೆ ಗೇಟಿನ ಬಳಿ ಮುಗಿಯುತ್ತದೆ. ಬಯಲೆಂದು ಎಣಿಸಿದರೆ ವಿದ್ಯಾರ್ಥಿ ಹೋದಲ್ಲೆಲ್ಲ ಅದು ಅವರ ಜೊತೆ ಸಾಗಬೇಕಾಗುತ್ತದೆ. 2000ದ ಫೆಬ್ರವರಿ 2ರಂದು ಧರ್ಮಪುರಿಯ ಬಳಿ ನಡೆದ ಘಟನೆ ಈ ಪ್ರಶ್ನೆಯನ್ನು ತಮಿಳುನಾಡಿನ ಮುಂದಿಟ್ಟಿತು. ಅದಕ್ಕೆ ಸಿಕ್ಕ ಉತ್ತರ ಇಂದಿಗೂ ಅರೆಬರೆಯಾಗಿಯೇ ಇದೆ.

1. ದಾರಿ

ಧರ್ಮಪುರಿಯ ಹಳೆಯ ಹೆಸರು ತಗಡೂರು. ಅವ್ವೈಯಾರಿಗೆ ನೆಲ್ಲಿಕಾಯಿ ಕೊಟ್ಟನೆಂದು ಸಂಗಂ ಪರಂಪರೆ ನೆನೆಯುವ ಅದಿಯಮಾನನ ಊರು ಇದು. 9ನೆಯ ಶತಮಾನದ ನೊಳಂಬರ ಕಾಲದ ಕನ್ನಡ ಶಾಸನವೊಂದು ಇದೇ ಊರಿನ ಜೈನ ಬಸದಿಗೆ ಸಂದ ದತ್ತಿಯನ್ನು ದಾಖಲಿಸುತ್ತದೆ. ಮಾರಂಡಹಳ್ಳಿಯಂತಹ ಊರ ಹೆಸರುಗಳಲ್ಲಿ, ಮನೆಗಳ ರಾಗಿ ಊಟದಲ್ಲಿ, ಮಾತಿನಲ್ಲಿ ಎರಡು ಭಾಷೆಗಳ ಸಹವಾಸ ಇಂದಿಗೂ ಕಾಣುತ್ತದೆ. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳನ್ನು ದಾಟಿ ಸೇಲಮಿಗೆ ಇಳಿಯುವ ದಾರಿ ಈ ಸೀಮೆಯ ಬೆನ್ನೆಲುಬು.

ಇದು ವಿದ್ಯಾರ್ಥಿಗಳ ದಾರಿಯೂ ಹೌದು. ಅಂದಿನ ಸೇಲಂ ಜಿಲ್ಲೆಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿಯವರು ಹೊಸೂರಿನ ಶಾಲೆಯಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. ಮದರಾಸಿನಲ್ಲಿ ಕಾನೂನು ಓದಿ, ಸೇಲಮಿಗೆ ಬಂದು ವಕೀಲಿ ಆರಂಭಿಸಿದರು. ಜಿಲ್ಲೆಯ ಗಡಿ, ಪ್ರಾಂತ್ಯದ ಗಡಿ, ಭಾಷೆಯ ಗಡಿ ಮೂರನ್ನೂ ದಾಟದೆ ಉನ್ನತ ಶಿಕ್ಷಣ ದೊರೆಯದಿದ್ದ ಕಾಲವದು. 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. 2004ರಲ್ಲಿ ಕೃಷ್ಣಗಿರಿ ಅದರಿಂದ ಬೇರ್ಪಟ್ಟಿತು. ಈ ಸೀಮೆಯ ಕಾಲೇಜುಗಳು ದೀರ್ಘಕಾಲ ಮದರಾಸು ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. 1997ರಲ್ಲಿ ಸ್ಥಾಪನೆಯಾದ ಪೆರಿಯಾರ್ ವಿಶ್ವವಿದ್ಯಾಲಯ ಸೇಲಂ, ನಾಮಕ್ಕಲ್, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕಾಲೇಜುಗಳನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಅದರ ಕಟ್ಟಡಗಳು ನಿಂತಿರುವುದು ಸೇಲಮಿನ ಹೊರವಲಯದಲ್ಲಿ, ಬೆಂಗಳೂರಿನ ಹೆದ್ದಾರಿಯ ಬದಿಯಲ್ಲೇ.

ಕೃಷಿ ಶಿಕ್ಷಣಕ್ಕೆ ಈ ದಾರಿಯೊಡನೆ ಇನ್ನೊಂದು ಬಗೆಯ ನಂಟಿದೆ. 1868ರಲ್ಲಿ ಮದರಾಸಿನ ಸೈದಾಪೇಟೆಯಲ್ಲಿ ಶಾಲೆಯಾಗಿ ಮೊದಲಾಗಿ, 20ನೆಯ ಶತಮಾನದ ಆರಂಭದಲ್ಲಿ ಕೊಯಮತ್ತೂರಿಗೆ ಬಂದು, 1971ರಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವಾದ ಸಂಸ್ಥೆಯ ಪಾಠ ತರಗತಿಯಲ್ಲಿ ಮುಗಿಯುವಂಥದಲ್ಲ. ಮಣ್ಣು, ಬೆಳೆ, ಮಳೆಗಳು ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಹುರುಳಿ, ರಾಗಿ, ಮಾವುಗಳ ಒಣಭೂಮಿಯನ್ನು ನೋಡಬೇಕಾದವರು ಧರ್ಮಪುರಿ ಸೀಮೆಗೇ ಬರಬೇಕು. ಕೃಷಿ ಪದವಿಯಲ್ಲಿ ಅಧ್ಯಯನ ಪ್ರವಾಸವೂ ಹಳ್ಳಿಯಲ್ಲಿ ಉಳಿದು ಮಾಡುವ ಕಾರ್ಯಾನುಭವವೂ ಪಠ್ಯದ ಭಾಗಗಳೇ. ಆ ವಿದ್ಯಾರ್ಥಿಗಳಿಗೆ ‘ಕ್ಯಾಂಪಸ್’ ಎಂದರೆ ಮೂಲಾರ್ಥದಲ್ಲಿಯೇ ಬಯಲು.

2. ಇಲಕ್ಕಿಯಂಪಟ್ಟಿ

ಆ ಬುಧವಾರ ಚೆನ್ನೈನ ವಿಶೇಷ ನ್ಯಾಯಾಲಯವೊಂದು ಮಾಜಿ ಮುಖ್ಯಮಂತ್ರಿ ಜಯಲಲಿತಾ ಅವರಿಗೆ ಕೊಡೈಕನಾಲಿನ ಹೋಟೆಲ್ ಕಟ್ಟಡದ ಅನುಮತಿಗೆ ಸಂಬಂಧಿಸಿದ ಪ್ರಕರಣದಲ್ಲಿ ಒಂದು ವರ್ಷದ ಶಿಕ್ಷೆ ವಿಧಿಸಿತು. 2001ರ ಡಿಸೆಂಬರಿನಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತು. ಆದರೆ ತೀರ್ಪಿನ ದಿನ ರಾಜ್ಯದ ಹಲವೆಡೆ ಅವರ ಪಕ್ಷದವರು ಬೀದಿಗಿಳಿದರು. ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆಗ ಅಧ್ಯಯನ ಪ್ರವಾಸದಲ್ಲಿ ಧರ್ಮಪುರಿ ಸೀಮೆಯಲ್ಲಿದ್ದರು. ಊರ ಬಳಿಯ ಇಲಕ್ಕಿಯಂಪಟ್ಟಿಯಲ್ಲಿ ರಸ್ತೆತಡೆಯಿಂದಾಗಿ ವಿದ್ಯಾರ್ಥಿನಿಯರ ಬಸ್ಸು ನಿಲ್ಲಬೇಕಾಯಿತು. ಗುಂಪಿನಲ್ಲಿದ್ದವರು ಬಸ್ಸಿನೊಳಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದರು. ಜೊತೆಗಿದ್ದ ಇನ್ನೊಂದು ಬಸ್ಸಿನ ಸಹಪಾಠಿಗಳು ಓಡಿಬಂದು ಹಲವರನ್ನು ಹೊರಗೆಳೆದರು. ಮೂವರು ವಿದ್ಯಾರ್ಥಿನಿಯರು ಒಳಗೇ ಸುಟ್ಟು ಸತ್ತರು, ಹಲವರು ಗಾಯಗೊಂಡರು.

ಆ ಬಸ್ಸಿಗೂ ತೀರ್ಪಿಗೂ ಯಾವ ಸಂಬಂಧವೂ ಇರಲಿಲ್ಲ. ಸತ್ತವರಿಗೆ ಯಾವ ಪಕ್ಷವೂ ಇರಲಿಲ್ಲ, ಅಂದು ಅವರು ಯಾವ ಪ್ರತಿಭಟನೆಯಲ್ಲಿಯೂ ಇರಲಿಲ್ಲ. ಇಪ್ಪತ್ತನೆಯ ಶತಮಾನದ ತಮಿಳುನಾಡಿನಲ್ಲಿ ವಿದ್ಯಾರ್ಥಿಗಳ ಸಾವಿನ ಬಗೆಗೆ ನೆನಪು ಇಲ್ಲದಿಲ್ಲ. 1965ರ ಹಿಂದಿ ವಿರೋಧಿ ಚಳವಳಿಯ ನೆನಪಿನಲ್ಲಿ ವಿದ್ಯಾರ್ಥಿ ರಾಜಕೀಯ ಪಾತ್ರಧಾರಿ. ಇಲಕ್ಕಿಯಂಪಟ್ಟಿಯಲ್ಲಿ ಆಕೆ ಪಾಠಕ್ಕೆಂದು ಹೊರಟ ಪ್ರಯಾಣಿಕಳು ಮಾತ್ರ. ಚಳವಳಿಯ ಚರಿತ್ರೆ ಬರೆಯುವವರಿಗೆ ಈ ಘಟನೆ ಸುಲಭವಾಗಿ ಒಗ್ಗದಿರುವುದಕ್ಕೆ ಇದೂ ಕಾರಣ. ಅದು ಒಂದು ಪಕ್ಷದ, ಒಂದು ಪ್ರಕರಣದ ಕಥೆಯಾಗಿ ಉಳಿಯಿತು. ಶಿಕ್ಷಣದ ಚರಿತ್ರೆಯೊಳಗೆ ಬರಲಿಲ್ಲ.

3. ಹದಿನೆಂಟು ವರ್ಷಗಳ ಮೊಕದ್ದಮೆ

ವಿಚಾರಣೆ ಮೊದಲು ಕೃಷ್ಣಗಿರಿಯಲ್ಲಿ ನಡೆಯಿತು. ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಪ್ರತಿಕೂಲರಾದರು. ಸತ್ತ ವಿದ್ಯಾರ್ಥಿನಿಯೊಬ್ಬಳ ತಂದೆ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. 2003ರಲ್ಲಿ ನ್ಯಾಯಾಲಯ ಪ್ರಕರಣವನ್ನು ಸೇಲಮಿಗೆ ವರ್ಗಾಯಿಸಿ, ಹೊಸದಾಗಿ ವಿಚಾರಣೆ ನಡೆಸಲು ಆದೇಶಿಸಿತು. 2007ರ ಫೆಬ್ರವರಿಯಲ್ಲಿ ಸೇಲಮಿನ ಸೆಷನ್ಸ್ ನ್ಯಾಯಾಲಯ ಮೂವರಿಗೆ ಮರಣದಂಡನೆಯನ್ನೂ ಇತರ ಇಪ್ಪತ್ತೈದು ಮಂದಿಗೆ ಸೆರೆವಾಸವನ್ನೂ ವಿಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ, 2010ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮರಣದಂಡನೆಯನ್ನು ಎತ್ತಿಹಿಡಿದವು.

ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಮರಣದಂಡನೆಯ ಮರುಪರಿಶೀಲನಾ ಅರ್ಜಿಗಳನ್ನು ತೆರೆದ ನ್ಯಾಯಾಲಯದಲ್ಲಿ ವಾದ ಕೇಳಿ ತೀರ್ಮಾನಿಸಬೇಕೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2014ರಲ್ಲಿ ತೀರ್ಪಿತ್ತಿತು. ಆ ತೀರ್ಪಿಗೆ ಕಾರಣವಾದ ಅರ್ಜಿಗಳ ಗುಂಪಿನಲ್ಲಿ ಧರ್ಮಪುರಿ ಪ್ರಕರಣದವರ ಅರ್ಜಿಯೂ ಇತ್ತು. ಅದರಂತೆ ಮತ್ತೆ ವಾದ ಕೇಳಿದ ನ್ಯಾಯಾಲಯ 2016ರ ಮಾರ್ಚಿನಲ್ಲಿ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಕೃತ್ಯ ಗುಂಪಿನ ಉನ್ಮಾದದಲ್ಲಿ ಸಮತೋಲ ಕಳೆದುಕೊಂಡಾಗ ನಡೆದದ್ದೆಂಬುದು ಅದರ ಮುಖ್ಯ ಪರಿಗಣನೆಯಾಗಿತ್ತು. 2018ರ ನವೆಂಬರಿನಲ್ಲಿ, ಎಂ.ಜಿ.ಆರ್. ಜನ್ಮಶತಮಾನೋತ್ಸವದ ಅಂಗವಾಗಿ ಕೈದಿಗಳಿಗೆ ನೀಡಿದ ಅವಧಿಪೂರ್ವ ಬಿಡುಗಡೆಯಲ್ಲಿ ಮೂವರೂ ಹೊರಬಂದರು.

ಮರಣದಂಡನೆಯ ನ್ಯಾಯಶಾಸ್ತ್ರಕ್ಕೆ ಈ ಪ್ರಕರಣದ ಕೊಡುಗೆ ನಿಜವಾದದ್ದು, ಪ್ರಾಣದ ಪ್ರಶ್ನೆಯಲ್ಲಿ ವಾದ ಕೇಳಬೇಕೆಂಬುದು ಒಳ್ಳೆಯ ತತ್ತ್ವ. ಆದರೆ ಹದಿನೆಂಟು ವರ್ಷಗಳ ಇಡೀ ಚರ್ಚೆ ಅಪರಾಧಿಗಳಿಗೆ ಏನು ಸಲ್ಲಬೇಕು ಎಂಬುದರ ಸುತ್ತ ನಡೆಯಿತು. ಪಾಠದ ಭಾಗವಾಗಿ ದಾರಿಯಲ್ಲಿರುವ ವಿದ್ಯಾರ್ಥಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆ ನ್ಯಾಯಾಲಯದ ಮುಂದೆ ಇರಲಿಲ್ಲ. ಅದನ್ನು ಕೇಳಬೇಕಾದವರು ಬೇರೆಯವರು.

4. ಕಾನೂನಿನ ಗೋಡೆ, ಕಾನೂನಿನ ಬಯಲು

ಆ ದಶಕದ ಇನ್ನೆರಡು ಸಾವುಗಳ ಜೊತೆ ಇಟ್ಟು ನೋಡಿದರೆ ಈ ಮೌನ ಎದ್ದು ಕಾಣುತ್ತದೆ. 1996ರ ನವೆಂಬರಿನಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರ್‍ಯಾಗಿಂಗಿನಲ್ಲಿ ಕೊಲೆಯಾದ. 1997ರಲ್ಲಿ ತಮಿಳುನಾಡು ರ್‍ಯಾಗಿಂಗ್ ನಿಷೇಧ ಕಾಯಿದೆ ಬಂತು. 1998ರಲ್ಲಿ ಚೆನ್ನೈನ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಬೀದಿಯಲ್ಲಿ ಪುಂಡರ ಕಾಟಕ್ಕೆ ಬಲಿಯಾದಳು; ಅದೇ ವರ್ಷ ಆ ಕಾಟವನ್ನು ಅಪರಾಧವೆಂದು ಸಾರುವ ಕಾನೂನು ಬಂತು. ಕರ್ನಾಟಕದಲ್ಲಿ 1983ರ ಶಿಕ್ಷಣ ಕಾಯಿದೆಯೇ ರ್‍ಯಾಗಿಂಗನ್ನು ನಿಷೇಧಿಸಿತ್ತು. 2000ದ ಘಟನೆಯಲ್ಲಿ ಕೊಲೆಯ ಕಲಂಗಳ ಜೊತೆ ಬಳಕೆಯಾದದ್ದು ಆಸ್ತಿಹಾನಿ ತಡೆಗೆಂದು 1992ರಲ್ಲಿ ತಮಿಳುನಾಡು ಮಾಡಿದ್ದ ಕಾನೂನು. ಸುಟ್ಟ ಬಸ್ಸಿಗೆ ತನ್ನದೇ ಕಾಯಿದೆ ಇತ್ತು. ಬಸ್ಸಿನೊಳಗೆ ಪಾಠ ಮುಂದುವರಿಸುತ್ತಿದ್ದವರಿಗೆ, ವಿದ್ಯಾರ್ಥಿಗಳೆಂಬ ನೆಲೆಯಲ್ಲಿ, ಅಂಥದೊಂದು ಇರಲಿಲ್ಲ.

ಮುಂದಿನ ವರ್ಷಗಳಲ್ಲಿ ‘ಆವರಣ’ದ ವ್ಯಾಖ್ಯೆ ಹಿಗ್ಗಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ರ್‍ಯಾಗಿಂಗ್ ನಿಯಮಗಳು ವಿದ್ಯಾರ್ಥಿಗಳನ್ನು ಒಯ್ಯುವ ವಾಹನಗಳನ್ನು, ಸರ್ಕಾರಿಯಾಗಲಿ ಖಾಸಗಿಯಾಗಲಿ, ಸಂಸ್ಥೆಯ ಹೊಣೆಯೊಳಗೆ ತಂದವು. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ, ಅಣೆಕಟ್ಟೆಯಿಂದ ಬಿಟ್ಟ ನೀರಿಗೆ, ಪ್ರವಾಸದಲ್ಲಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. 2015ರಲ್ಲಿ ಆಯೋಗ ಹೊರಡಿಸಿದ ಸುರಕ್ಷತಾ ಮಾರ್ಗಸೂಚಿಯ ಶೀರ್ಷಿಕೆಯಲ್ಲೇ ‘ಆವರಣದ ಒಳಗೆ ಮತ್ತು ಹೊರಗೆ’ ಎಂಬರ್ಥದ ಮಾತು ಸೇರಿತು. ಲೈಂಗಿಕ ಕಿರುಕುಳ ಕುರಿತ 2015ರ ನಿಯಮಗಳು ಇನ್ನೂ ಮುಂದೆ ಹೋಗಿ ‘ವಿಸ್ತೃತ ಆವರಣ’ ಎಂಬ ಪರಿಕಲ್ಪನೆಯನ್ನೇ ತಂದವು. ಕ್ಷೇತ್ರಕಾರ್ಯ, ಅಧ್ಯಯನ ಪ್ರವಾಸ, ಇಂಟರ್ನ್‌ಶಿಪ್, ಅಲ್ಪಾವಧಿಯ ಕೆಲಸ, ಅಲ್ಲಿಗೆ ಹೋಗಿಬರುವ ದಾರಿ ಎಲ್ಲವೂ ಅದರೊಳಗೆ ಬರುತ್ತವೆ.

ಹೀಗೆ ಗೋಡೆಯ ಅರ್ಥದಿಂದ ಬಯಲಿನ ಅರ್ಥದ ಕಡೆಗೆ ಕಾನೂನು ನಿಧಾನವಾಗಿ ನಡೆದಿದೆ. ಆದರೂ ರ್‍ಯಾಗಿಂಗ್ ಮತ್ತು ಕಿರುಕುಳದ ನಿಯಮಗಳು ಮುಖ್ಯವಾಗಿ ಎದುರಿಸುವುದು ಸಂಸ್ಥೆಯ ಒಳಗಿನವರಿಂದ ಬರುವ ಕೇಡನ್ನು: ಹಿರಿಯ ವಿದ್ಯಾರ್ಥಿ, ಅಧ್ಯಾಪಕ, ಸಿಬ್ಬಂದಿ. ಬೀದಿಯ ರಾಜಕೀಯ ಬಸ್ಸಿನ ಬಾಗಿಲಿಗೆ ಬಂದಾಗ ಅವು ಹೆಚ್ಚು ಹೇಳಲಾರವು. ಬಂದ್ ಘೋಷಣೆಯಾದರೆ ಕಾಲೇಜಿಗೆ ರಜೆ ಕೊಟ್ಟು, ಪರೀಕ್ಷೆ ಮುಂದೂಡುವ ರೂಢಿ ಎರಡೂ ರಾಜ್ಯಗಳಲ್ಲಿ ಗಟ್ಟಿಯಾಗಿದೆ. ಆ ರಜೆ ಗೋಡೆಯೊಳಗಿನವರನ್ನು ಕಾಯುತ್ತದೆ. ಆಗಲೇ ದಾರಿಯಲ್ಲಿರುವವರ ಬಸ್ಸು ಎಲ್ಲಿ ನಿಲ್ಲಬೇಕು, ಯಾರಿಗೆ ಸುದ್ದಿ ಮುಟ್ಟಿಸಬೇಕು, ಯಾವ ಠಾಣೆ ಅವರನ್ನು ಒಳಗೆ ಕರೆದುಕೊಳ್ಳಬೇಕು ಎಂಬ ಸಾಮಾನ್ಯ ಪ್ರಶ್ನೆಗಳಿಗೆ ಉತ್ತರ ಹೊರಡುವ ಮೊದಲೇ ಸಿದ್ಧವಿರಬೇಕು.

5. ಅನುಮತಿಯ ಪ್ರಶ್ನೆ

ಈ ಚರ್ಚೆ ಸೇಲಂ, ಧರ್ಮಪುರಿಗಳಲ್ಲಿ ಬೇರೆಡೆಗಿಂತ ಹೆಚ್ಚು ತೂಕದ್ದು. ಹೆಣ್ಣು ಶಿಶುಹತ್ಯೆಯನ್ನು ತಡೆಯಲೆಂದು ತಮಿಳುನಾಡು ಸರ್ಕಾರ 1992ರಲ್ಲಿ ‘ತೊಟ್ಟಿಲು ಮಗು’ ಯೋಜನೆಯನ್ನು ಆರಂಭಿಸಿದ್ದು ಸೇಲಂ ಜಿಲ್ಲೆಯಲ್ಲಿ. 2001ರಲ್ಲಿ ಅದು ಧರ್ಮಪುರಿ ಸೇರಿದಂತೆ ಇತರ ಜಿಲ್ಲೆಗಳಿಗೆ ವಿಸ್ತರಿಸಿತು. ಹೆಣ್ಣುಮಗುವಿನ ಉಳಿವಿಗೇ ಯೋಜನೆ ಬೇಕಾಗಿದ್ದ ನೆಲದಲ್ಲಿ ಮಗಳನ್ನು ಕಾಲೇಜಿಗೆ, ಹಾಸ್ಟೆಲಿಗೆ, ಪ್ರವಾಸಕ್ಕೆ ಕಳಿಸುವುದು ತಂದೆತಾಯಿ ಹಲವು ಬಾರಿ ಯೋಚಿಸಿ ಕೊಡುವ ಒಪ್ಪಿಗೆ. ಅದು ಸುಲಭವಾಗಿ ಹಿಂದೆಗೆದುಕೊಳ್ಳಬಹುದಾದ ಒಪ್ಪಿಗೆಯೂ ಹೌದು. ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಕೈ ತಡೆದರೆ ಕೆಡುವುದು ಒಂದು ಪ್ರವಾಸವಷ್ಟೇ ಅಲ್ಲ, ಹುಡುಗಿ ಆಯ್ದುಕೊಳ್ಳಬಹುದಾದ ವಿಷಯ ಮತ್ತು ಮುಂದಿನ ಉದ್ಯೋಗ.

ಇಂದು ಓದು ಮತ್ತು ದುಡಿಮೆಯ ನಡುವಿನ ಗೆರೆ ಇನ್ನೂ ತೆಳುವಾಗಿದೆ. ಸೇಲಮಿನ ಮಗ್ಗ, ಬೆಳ್ಳಿ ಕಾಲ್ಗೆಜ್ಜೆ, ಜವ್ವರಿಸಿಯ ಕಸುಬುಗಳ ಮನೆಗಳಿಂದ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ವಲಸೆ ಹೋಗುವ ಧರ್ಮಪುರಿಯ ಮನೆಗಳಿಂದ ಮೊದಲ ತಲೆಮಾರಿನ ಪದವೀಧರರು ಹೊರಬರುತ್ತಿದ್ದಾರೆ. ಸರ್ಕಾರಿ ಶಾಲೆಗಳಲ್ಲಿ ಓದಿ ಉನ್ನತ ಶಿಕ್ಷಣಕ್ಕೆ ಬಂದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1000 ರೂಪಾಯಿ ಕೊಡುವ ‘ಪುದುಮೈ ಪೆಣ್’ ಯೋಜನೆ 2022ರಲ್ಲಿ ಬಂತು. ಅದೇ ವರ್ಷ ಕೌಶಲ ತರಬೇತಿಯ ‘ನಾನ್ ಮುದಲ್ವನ್’ ಆರಂಭವಾಯಿತು. ಇಂಟರ್ನ್‌ಶಿಪ್ ಎಂದರೆ ಈ ಹುಡುಗಹುಡುಗಿಯರಿಗೆ ಬಹುಮಟ್ಟಿಗೆ ಹೊಸೂರಿನ ಕಾರ್ಖಾನೆ ವಲಯ ಅಥವಾ ಬೆಂಗಳೂರು, ಎಂದರೆ ಮತ್ತೆ ಅದೇ ಹೆದ್ದಾರಿ. ತಿಂಗಳ ನೆರವು ಅವರನ್ನು ತರಗತಿಯವರೆಗೆ ತರುತ್ತದೆ; ಅಲ್ಲಿಂದ ಕೆಲಸದವರೆಗಿನ ದಾರಿಯ ಹೊಣೆಯನ್ನೂ ಯಾರಾದರೂ ಹೊರಬೇಕು.

6. ಗಡಿಯ ಎರಡೂ ಬದಿ

ಈ ಬೆಂಕಿಯನ್ನು ತಮಿಳುನಾಡಿನದು ಮಾತ್ರ ಎಂದು ಕನ್ನಡದ ಓದುಗರು ಪಕ್ಕಕ್ಕಿಡುವಂತಿಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಪ್ರಕಟವಾದಾಗ ಬೆಂಗಳೂರಿನಲ್ಲಿಯೂ ದಕ್ಷಿಣ ಕರ್ನಾಟಕದ ಹಲವೆಡೆಯೂ ತಮಿಳರ ಮೇಲೆ ದಾಳಿಗಳಾದವು. 2016ರ ಸೆಪ್ಟೆಂಬರ್ 12ರಂದು, ಸರ್ವೋಚ್ಚ ನ್ಯಾಯಾಲಯದ ಕಾವೇರಿ ಆದೇಶದ ಹಿನ್ನೆಲೆಯಲ್ಲಿ, ಸೇಲಮಿನ ಖಾಸಗಿ ಸಾರಿಗೆ ಸಂಸ್ಥೆಯೊಂದರ ಹತ್ತಾರು ಬಸ್ಸುಗಳು ಬೆಂಗಳೂರಿನ ಅದರ ನಿಲ್ದಾಣದಲ್ಲಿ ಬೂದಿಯಾದವು. ಅಂದು ಆ ಬಸ್ಸುಗಳೊಳಗೆ ಪ್ರಯಾಣಿಕರು ಇರಲಿಲ್ಲ. ಧರ್ಮಪುರಿಯಲ್ಲೂ ಬೆಂಗಳೂರಿನಲ್ಲೂ ಬೀದಿಯ ತರ್ಕ ಒಂದೇ ಆಗಿತ್ತು: ನ್ಯಾಯಾಲಯ ಕೊಟ್ಟ ಆದೇಶಕ್ಕೆ ದಾರಿಯಲ್ಲಿ ಸಿಕ್ಕವರಿಂದ ಲೆಕ್ಕ ಕೇಳುವುದು.

ಎರಡು ಭಾಷೆಗಳ ನಡುವೆ ಓದುವ, ಓದಿಸುವ ಸಮುದಾಯಕ್ಕೆ ಇದು ಹತ್ತಿರದ ವಿಷಯ. ಶಾಸನ ನೋಡಲು, ಆಡುಮಾತು ದಾಖಲಿಸಲು, ವಲಸೆಯ ಕಥೆ ಕೇಳಲು ಗಡಿನಾಡ ಅಧ್ಯಯನಕ್ಕೆ ವಿದ್ಯಾರ್ಥಿಗಳನ್ನು ಕಳಿಸದೆ ಗತಿಯಿಲ್ಲ, ಕಳಿಸುವುದು ಇದೇ ಹೆದ್ದಾರಿಯ ಮೇಲೆ. ಹೊರಡುವ ಮುನ್ನ ಮಾರ್ಗ, ಸಂಪರ್ಕ, ತಂಗುವ ತಾಣ, ಹಿಂದಿರುಗುವ ನಿರ್ಧಾರ ಯಾರದು ಎಂಬುದನ್ನು ಬರೆದಿಡುವ ಒಂದು ಪುಟವೂ ಸಂಶೋಧನಾ ವಿಧಾನದ ಭಾಗವೇ. ‘ತಮಿಳಿನಲ್ಲಿ ಇಲಕ್ಕಿಯಂ ಎಂದರೆ ಸಾಹಿತ್ಯ’ ಎಂದು ತೌಲನಿಕ ಸಾಹಿತ್ಯದ ವಿದ್ಯಾರ್ಥಿಗಳು ಮೊದಲ ವಾರದಲ್ಲೇ ಕಲಿಯುತ್ತಾರೆ. ಆ ಪದವನ್ನು ಹೆಸರಿನಲ್ಲಿ ಹೊತ್ತ ಧರ್ಮಪುರಿಯ ಊರಿನಲ್ಲಿ 2000ದ ಫೆಬ್ರವರಿಯಲ್ಲಿ ಮೂವರ ಓದು ನಿಂತುಹೋಯಿತು ಎಂಬುದನ್ನೂ ಅವರು ಕಲಿಯಬೇಕು.