ಕ್ಯೂ ತಪ್ಪಿಸುವ ಪುಸ್ತಕ

ಪ್ರವಾಸದ ಕೈಪಿಡಿ ಎಂದರೆ ಏನು ನೋಡಬೇಕು ಎಂದು ಹೇಳುವ ಪುಸ್ತಕ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಜಾನ್ ಮರ್ರೆ, ಜರ್ಮನಿಯ ಕಾರ್ಲ್ ಬೇಡೆಕರ್ ಇದಕ್ಕೊಂದು ಮಾದರಿ ಹಾಕಿಕೊಟ್ಟರು. ಊರಿನ ಚರಿತ್ರೆ, ನೋಡತಕ್ಕ ಜಾಗ, ಉಳಿದುಕೊಳ್ಳುವ ಹೋಟೆಲು, ಗಾಡಿಯ ಬಾಡಿಗೆ. ತಪ್ಪಿಸಬಾರದ ಜಾಗಕ್ಕೆ ಬೇಡೆಕರ್ ಪುಸ್ತಕಗಳಲ್ಲಿ ನಕ್ಷತ್ರದ ಗುರುತು. ಯಾವ ಚರ್ಚು ಮೊದಲು, ಯಾವುದು ಆಮೇಲೆ ಎಂದು ಓದುಗ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಬೆಳಿಗ್ಗೆ ಹೋದರೂ ಸಂಜೆ ಹೋದರೂ ಚರ್ಚು ಅಲ್ಲೇ ಇರುತ್ತಿತ್ತು.

1985ರಲ್ಲಿ ಅಮೆರಿಕದಲ್ಲಿ ಹೊರಬಂದ ‘ದಿ ಅನಫಿಷಿಯಲ್ ಗೈಡ್ ಟು ವಾಲ್ಟ್ ಡಿಸ್ನಿ ವರ್ಲ್ಡ್’ ಈ ಮಾದರಿಯನ್ನು ತಿರುಗಿಸಿ ಹಾಕಿತು. ಫ್ಲಾರಿಡಾದ ಡಿಸ್ನಿ ಪಾರ್ಕಿನಲ್ಲಿ ಏನಿದೆ ಎಂಬುದು ಆ ಹೊತ್ತಿಗೆ ಅಮೆರಿಕದ ಮಕ್ಕಳಿಗೆಲ್ಲ ಗೊತ್ತಿತ್ತು. ಈ ಪುಸ್ತಕ ಹೇಳಿದ್ದು ಬೇರೆ ವಿಷಯ: ಗೇಟು ತೆರೆದ ಕೂಡಲೇ ಎಲ್ಲಿಗೆ ನಡೆಯಬೇಕು, ಅದಾದ ಮೇಲೆ ಎಲ್ಲಿಗೆ, ಊಟಕ್ಕೆ ಯಾವಾಗ ಕೂರಬೇಕು, ಯಾವಾಗ ಎಲ್ಲವನ್ನೂ ಬಿಟ್ಟು ಹೋಟೆಲಿಗೆ ಹೋಗಿ ಮಲಗಬೇಕು. ಒಂದು ದಿನದ ಮನರಂಜನೆಗೆ ರೈಲ್ವೆ ವೇಳಾಪಟ್ಟಿಯಂಥದ್ದೊಂದು ಬೇಕಾದದ್ದು ಹೇಗೆ ಎಂಬುದಕ್ಕೆ ಮೂವತ್ತು ವರ್ಷ ಹಿಂದೆ ಹೋಗಬೇಕು.

1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಅಂದು ಒಳಗೆ ಬಿಡಬೇಕಿದ್ದದ್ದು ಆಹ್ವಾನಿತರನ್ನು ಮಾತ್ರ. ನಕಲಿ ಟಿಕೆಟ್ ಹಿಡಿದವರೂ ಸೇರಿ ಜನ ನುಗ್ಗಿದರು. ಹೊಸ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಹೀಲ್ಡ್ ಚಪ್ಪಲಿಗಳು ಅದರಲ್ಲಿ ಹೂತವು. ಪ್ಲಂಬರುಗಳ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿಗಳೂ ಸಾಲದಾಗಿದ್ದವು. ಥೀಮ್ ಪಾರ್ಕಿನ ಮೊದಲ ದಿನವೇ ಅದರ ಮುಖ್ಯ ಸಮಸ್ಯೆ ಕಣ್ಣಿಗೆ ಬಿದ್ದಿತ್ತು. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ಹೋಗುತ್ತಾರೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ಟಿಕೆಟ್ ಪುಸ್ತಕ ಇದಕ್ಕೆ ತಕ್ಕಮಟ್ಟಿನ ಪರಿಹಾರವಾಯಿತು. ರೈಡುಗಳನ್ನು ಎ, ಬಿ, ಸಿ ಎಂದು ದರ್ಜೆ ಮಾಡಿ, ಒಂದೊಂದು ದರ್ಜೆಯ ಇಷ್ಟಿಷ್ಟು ಚೀಟಿಗಳನ್ನು ಹೊಲಿದ ಸಣ್ಣ ಪುಸ್ತಕವನ್ನು ಮಾರಿದರು. ಆಮೇಲೆ ಡಿ ಸೇರಿತು. 1959ರಲ್ಲಿ ಮ್ಯಾಟರ್‌ಹಾರ್ನ್ ಬೆಟ್ಟದ ರೋಲರ್ ಕೋಸ್ಟರ್, ಮೋನೋರೈಲು, ಜಲಾಂತರ್ಗಾಮಿ ಬಂದಾಗ ಇ ದರ್ಜೆ ಹುಟ್ಟಿತು. ‘ಇ ಟಿಕೆಟ್’ ಎಂಬ ಮಾತು ಅಮೆರಿಕದ ಇಂಗ್ಲಿಷಿನಲ್ಲಿ ಅತ್ಯಂತ ರೋಮಾಂಚಕವಾದದ್ದು ಎಂಬ ಅರ್ಥದಲ್ಲಿ ಉಳಿದುಕೊಂಡುಬಿಟ್ಟಿತು. 1971ರ ಅಕ್ಟೋಬರ್ 1ರಂದು ಫ್ಲಾರಿಡಾದ ಒರ್ಲ್ಯಾಂಡೊ ಬಳಿ, ಸುಮಾರು 27,000 ಎಕರೆಯಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ತೆರೆದಾಗಲೂ ಇದೇ ಪದ್ಧತಿ.

ನೋಡುವುದಕ್ಕೆ ಇದು ದುಡ್ಡು ಕೀಳುವ ಉಪಾಯ. ಆದರೆ ಅದು ಒಂದು ಬಗೆಯ ರೇಷನ್ ಕಾರ್ಡೂ ಆಗಿತ್ತು. ಇ ಚೀಟಿ ಕೆಲವೇ ಇದ್ದದ್ದರಿಂದ ಕುಟುಂಬದವರು ಯೋಚಿಸಿ ಖರ್ಚು ಮಾಡುತ್ತಿದ್ದರು. ಉಳಿದ ಎ, ಬಿ ಚೀಟಿ ಹಾಳಾಗದಿರಲೆಂದು ಕುದುರೆ ಟ್ರಾಮು, ಪುಟ್ಟ ಸಿನಿಮಾದಂಥ ಕಡೆಗೂ ಹೋಗುತ್ತಿದ್ದರು. ಜನ ತಾವಾಗಿ ಹಂಚಿಹೋಗುತ್ತಿದ್ದರು. ಖರ್ಚಾಗದ ಎ ಚೀಟಿಗಳು ಎಷ್ಟೋ ಮನೆಗಳ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದವು.

1982ರಲ್ಲಿ ಈ ಪುಸ್ತಕಗಳು ಹೋದವು. ಎಪ್ಕಾಟ್ ತೆರೆದ ವರ್ಷ ಅದು. ಗೇಟಿನಲ್ಲಿ ಒಮ್ಮೆ ದುಡ್ಡು ಕೊಟ್ಟರೆ ಒಳಗೆ ಎಲ್ಲವೂ ಎಷ್ಟು ಸಲ ಬೇಕಾದರೂ ಉಚಿತ ಎಂಬ ಪದ್ಧತಿ ಬಂತು. ಮದುವೆ ಮನೆಯಲ್ಲಿ ಬಾಳೆಲೆ ಊಟ ತೆಗೆದು ಬಫೆ ಇಟ್ಟ ಹಾಗೆ: ಒತ್ತೆಲ್ಲ ಜಿಲೇಬಿಯ ಮುಂದೆ. ರೈಡಿಗೆ ಕೊಡುತ್ತಿದ್ದ ಚೀಟಿ ಹೋದ ಮೇಲೆ ಅದರ ಬೆಲೆಯನ್ನು ಜನ ಸಮಯದಲ್ಲಿ ಕೊಡಲು ಶುರುಮಾಡಿದರು. ಬೆಳಿಗ್ಗೆ ಗೇಟು ತೆರೆದಾಗ ಹದಿನೈದು ನಿಮಿಷಕ್ಕೆ ಸಿಗುವ ರೈಡು ಮಧ್ಯಾಹ್ನ ಹನ್ನೆರಡಕ್ಕೆ ಒಂದು ಗಂಟೆ ಮೀರಬಹುದು. ಈ ಬೆಲೆಪಟ್ಟಿಯನ್ನು ಯಾರೂ ಗೇಟಿನಲ್ಲಿ ಬರೆದು ಹಾಕಿರಲಿಲ್ಲ.

ಅದನ್ನು ಬರೆದು ಹಾಕಿದವನು ಬಾಬ್ ಸೆಲಿಂಗರ್. ಅವನು ಅದಕ್ಕೆ ಮೊದಲು ಬರೆದದ್ದು ಕೆಂಟಕಿಯ ಹೊಳೆಗಳಲ್ಲಿ ದೋಣಿ ನಡೆಸುವವರಿಗೆ ಬೇಕಾದ ಕೈಪಿಡಿ. ಎಲ್ಲಿ ದೋಣಿ ಇಳಿಸಬೇಕು, ನೀರು ಎಷ್ಟಿದ್ದರೆ ಹೊಳೆ ಸೌಮ್ಯ, ಎಷ್ಟಾದರೆ ಅಪಾಯ ಎಂದು ಹೇಳುವ ಬಗೆಯದು. ಹೊಳೆಗೆ ಹೋಗುವವನಿಗೆ ಹೊಳೆಯ ವರ್ಣನೆ ಬೇಕಿಲ್ಲ, ನೀರಿನ ಮಟ್ಟ ಬೇಕು. ಸೆಲಿಂಗರ್‌ನ ಡಿಸ್ನಿ ಪುಸ್ತಕವೂ ಹೀಗೆಯೇ ಇದೆ. ಪಾರ್ಕಿನ ಬಣ್ಣನೆಗೆ ಬೇರೆ ಪುಸ್ತಕಗಳಿದ್ದವು. ಕಂಪನಿಯ ಒಪ್ಪಿಗೆಯ ಮುದ್ರೆಯಿದ್ದ ಅಧಿಕೃತ ಗೈಡೂ ಇತ್ತು. ಅಂಥ ಪುಸ್ತಕ ‘ಈ ರೈಡಿಗೆ ಇಷ್ಟು ಹೊತ್ತು ನಿಲ್ಲುವುದು ದಂಡ’ ಎಂದು ಬರೆಯುವುದು ಕಷ್ಟ. ‘ಅನಫಿಷಿಯಲ್’ ಎಂಬ ಪದ ಹೆಸರಿನಲ್ಲೇ ಇದ್ದದ್ದಕ್ಕೆ ಅರ್ಥವಿತ್ತು.

ಪುಸ್ತಕದ ತಿರುಳು ಒಂದು ಸರಳ ತಿಳಿವಳಿಕೆ. ಸಾಲು ಉದ್ದವಾಗುವುದು ರೈಡು ಜನಪ್ರಿಯವಾದ್ದರಿಂದ ಮಾತ್ರವಲ್ಲ, ಗಂಟೆಗೆ ಎಷ್ಟು ಜನರನ್ನು ಅದು ಸಾಗಿಸುತ್ತದೆ ಎಂಬುದರಿಂದ. ದೆವ್ವದ ಬಂಗಲೆಯಲ್ಲಿ ಗಾಡಿಗಳು ನಿಲ್ಲದೆ ಒಂದರ ಹಿಂದೊಂದು ಸಾಗುತ್ತವೆ, ಆದ್ದರಿಂದ ಅಲ್ಲಿ ಸಾಲು ಉದ್ದವಿದ್ದರೂ ಕರಗುತ್ತದೆ. ಹಾರುವ ಆನೆ ಡಂಬೊ ಹಾಗಲ್ಲ. ಕೆಲವೇ ಆನೆಗಳು, ಮಕ್ಕಳನ್ನು ಹತ್ತಿಸಿ, ಸುತ್ತಿಸಿ, ಇಳಿಸಿ, ಮತ್ತೆ ತುಂಬಿಸಬೇಕು. ಒಂದೂವರೆ ನಿಮಿಷದ ಸುತ್ತಿಗೆ ನಾಲ್ಕು ವರ್ಷದ ಮಗುವನ್ನು ಹಿಡಿದುಕೊಂಡು ಬಿಸಿಲಲ್ಲಿ ನಿಲ್ಲಬೇಕಾದ ಸ್ಥಿತಿ. 2012ರಲ್ಲಿ ಕಂಪನಿ ಪಕ್ಕದಲ್ಲೇ ಇನ್ನೊಂದು ಡಂಬೊ ಹಾಕಿತು. ಅಲ್ಲಿಯವರೆಗೆ ಚಿಕ್ಕ ಮಕ್ಕಳಿರುವವರಿಗೆ ಪುಸ್ತಕದ ಉತ್ತರ ಒಂದೇ: ಮೊದಲು ಡಂಬೊ, ಉಳಿದದ್ದು ಆಮೇಲೆ.

ಹಾಗಾಗಿ ಒಂದೇ ಯೋಜನೆ ಎಲ್ಲರಿಗೂ ಹೊಂದುವುದಿಲ್ಲ. ದೊಡ್ಡವರಿಗೆ ಒಂದು, ಚಿಕ್ಕ ಮಕ್ಕಳ ತಂದೆತಾಯಿಗೆ ಒಂದು, ಒಂದೇ ದಿನ ಇರುವವರಿಗೆ ಒಂದು, ಎರಡು ದಿನಕ್ಕೆ ಇನ್ನೊಂದು. ಪುಸ್ತಕದ ಕೊನೆಯಲ್ಲಿ ಇವು ಕತ್ತರಿಸಿ ಜೇಬಿಗೆ ಹಾಕಿಕೊಳ್ಳುವ ಹಾಗಿರುತ್ತವೆ. ಎಂಟುನೂರು ಪುಟ ದಾಟಿದ ಪುಸ್ತಕವನ್ನು ಹೊತ್ತು ರೋಲರ್ ಕೋಸ್ಟರ್ ಹತ್ತಲಾದೀತೆ? ಯಾವ ರೈಡು ಯಾವ ವಯಸ್ಸಿನವರಿಗೆ ಹಿಡಿಸುತ್ತದೆ ಎಂದು ಓದುಗರಿಂದ ಪಡೆದ ಅಂಕಗಳನ್ನು ಶಾಲೆಗೆ ಸೇರದ ಮಕ್ಕಳಿಂದ ಹಿಡಿದು ಹಿರಿಯ ನಾಗರಿಕರವರೆಗೆ ವಿಂಗಡಿಸಿ ಕೊಟ್ಟಿರುತ್ತದೆ. ಮಕ್ಕಳು ಎಲ್ಲಿ ಹೆದರಬಹುದು, ಯಾಕೆ ಎಂಬುದಕ್ಕೇ ಒಂದು ಪಟ್ಟಿ. ಕತ್ತಲೆಯೇ, ಸದ್ದೇ, ಮಾಟಗಾತಿಯೇ? ಯಾವ ತಾಯಿಗೂ ಇದು ರೈಡಿನ ವೇಗಕ್ಕಿಂತ ಮುಖ್ಯ ಮಾಹಿತಿ. ಸ್ಪೇಸ್ ಮೌಂಟನ್ ಹತ್ತಲು 44 ಅಂಗುಲ ಎತ್ತರವಿರಬೇಕು. ಎರಡು ಅಂಗುಲ ಕಡಿಮೆಯಾಗಿ ಗೇಟಿನಲ್ಲಿ ಅಳುವ ಮಗುವನ್ನು ಸಮಾಧಾನಪಡಿಸುವುದಕ್ಕಿಂತ ಮನೆಯ ಗೋಡೆಗೆ ನಿಲ್ಲಿಸಿ ಅಳೆದು ಹೊರಡುವುದು ಸುಲಭ. ತಂದೆ ರೈಡು ಹತ್ತಿದಾಗ ತಾಯಿ ಮಗುವಿನ ಜೊತೆ ಹೊರಗಿದ್ದು, ಅವನು ಇಳಿದ ಮೇಲೆ ಮತ್ತೆ ಪೂರ್ತಿ ಸಾಲು ನಿಲ್ಲದೆ ತಾನು ಹತ್ತುವ ಸೌಲಭ್ಯವಿದೆ ಎಂಬುದನ್ನೂ ಎಷ್ಟೋ ಜನ ತಿಳಿದದ್ದು ಇಂಥ ಪುಸ್ತಕಗಳಿಂದ.

ಎಲ್ಲಕ್ಕಿಂತ ಹೆಚ್ಚು ಜಗಳಕ್ಕೆ ಕಾರಣವಾಗುವ ಸಲಹೆ ಎರಡು. ಗೇಟು ತೆರೆಯುವ ಮೊದಲೇ ಅಲ್ಲಿರಬೇಕು. ಮಧ್ಯಾಹ್ನ ಹೊರಟುಬಿಡಬೇಕು. ರಜೆಗೆ ಬಂದೂ ಅಲಾರಾಂ ಇಟ್ಟುಕೊಳ್ಳುವುದೇ ಎಂದು ಒಬ್ಬರು, ಇಷ್ಟು ದುಡ್ಡು ಸುರಿದು ಹಾಡುಹಗಲಲ್ಲಿ ಮಲಗುವುದೇ ಎಂದು ಇನ್ನೊಬ್ಬರು. ಆದರೆ ಫ್ಲಾರಿಡಾದ ಜುಲೈ ಬಿಸಿಲು ಚೆನ್ನೈನ ಬಿಸಿಲಿಗೇನೂ ಕಡಿಮೆಯಲ್ಲ. ಮೂರು ಗಂಟೆಯ ಹೊತ್ತಿಗೆ ಪಾರ್ಕಿನ ಬೆಂಚುಗಳ ಮೇಲೆ ಗದರುತ್ತಿರುವ ದೊಡ್ಡವರನ್ನೂ ಕಿರುಚುತ್ತಿರುವ ಮಕ್ಕಳನ್ನೂ ಕಂಡವರು ಪುಸ್ತಕದ ಪಕ್ಷ ಸೇರುತ್ತಾರೆ. ಎಲ್ಲರೂ ಇದೇ ಪುಸ್ತಕ ಓದಿ ಎಲ್ಲರೂ ಬೇಗ ಬಂದರೆ ಯೋಜನೆ ಕೆಡುವುದಿಲ್ಲವೇ? ಕೆಡುತ್ತದೆ. ಆದರೆ ಓದುವವರು ಕೆಲವರು, ಓದಿ ಏಳುವವರು ಅವರಲ್ಲೂ ಕೆಲವರು.

ಮುಂದಿನ ಹೆಜ್ಜೆ ಗಣಿತದ್ದು. ಕಂಪ್ಯೂಟರ್ ವಿಜ್ಞಾನ ಓದಿದ ಲೆನ್ ಟೆಸ್ಟಾ ಸೆಲಿಂಗರ್‌ನ ಜೊತೆ ಸಹಲೇಖಕನಾದ. ಹಲವು ಊರುಗಳನ್ನು ಸುತ್ತಬೇಕಾದ ವ್ಯಾಪಾರಿ ಅತಿ ಕಡಿಮೆ ದೂರದಲ್ಲಿ ಸುತ್ತುವುದು ಹೇಗೆ ಎಂಬ ಹಳೆಯ ಲೆಕ್ಕವೊಂದಿದೆ. ಹತ್ತು ರೈಡುಗಳನ್ನು 36,28,800 ಬೇರೆ ಬೇರೆ ಕ್ರಮಗಳಲ್ಲಿ ಮುಗಿಸಬಹುದು. ಇಪ್ಪತ್ತಾದರೆ ಸುಮಾರು 24 ಸಾವಿರ ಕೋಟಿ ಕೋಟಿ. ಥೀಮ್ ಪಾರ್ಕಿನಲ್ಲಿ ಲೆಕ್ಕ ಇನ್ನೂ ಕೆಟ್ಟದು; ಇಲ್ಲಿ ಊರುಗಳ ದೂರವೇ ಗಂಟೆಗೊಮ್ಮೆ ಬದಲಾಗುತ್ತದೆ. ಅಷ್ಟನ್ನೂ ಕಂಪ್ಯೂಟರು ಒಂದೊಂದಾಗಿ ನೋಡಲಾರದು, ಒಳ್ಳೆಯದೆನ್ನಬಹುದಾದ ದಾರಿ ಹುಡುಕುತ್ತದೆ. ಅದಕ್ಕೆ ಬೇಕಾದದ್ದು ಪಾರ್ಕಿನೊಳಗೆ ನಿಂತು ಬರೆದುಕೊಂಡ ಕಾಯುವ ಹೊತ್ತಿನ ಲೆಕ್ಕಗಳು. ಕೊನೆಗೆ ಫೋನಿನಲ್ಲೇ ಯೋಜನೆ ತಿದ್ದಿಕೊಡುವ ಆ್ಯಪ್ ಬಂತು.

ಕಂಪನಿ ಸುಮ್ಮನಿರಲಿಲ್ಲ. 1999ರಲ್ಲಿ ಫಾಸ್ಟ್‌ಪಾಸ್ ತಂದಿತು. ರೈಡಿನ ಮುಂದಿನ ಯಂತ್ರಕ್ಕೆ ಪ್ರವೇಶ ಟಿಕೆಟ್ ತೂರಿಸಿದರೆ, ಮತ್ತೆ ಎಷ್ಟು ಹೊತ್ತಿಗೆ ಬರಬೇಕೆಂಬ ಚೀಟಿ ಬರುತ್ತದೆ. ಆ ಒಂದು ಗಂಟೆಯೊಳಗೆ ಬಂದರೆ ಚಿಕ್ಕ ಸಾಲು. ತಿರುಪತಿಯ ಟೋಕನ್ ಪದ್ಧತಿ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಇದಕ್ಕೆ ದುಡ್ಡಿರಲಿಲ್ಲ. ಇಡೀ ಮನೆಯವರ ಟಿಕೆಟ್ ಹಿಡಿದು ಒಬ್ಬ ಯಂತ್ರದ ಕಡೆ ಓಡುವುದು ಆಗಿನ ಸಾಮಾನ್ಯ ನೋಟ. 2013–14ರಲ್ಲಿ ಓಟವೂ ಹೋಗಿ, ಕೈಪಟ್ಟಿಯ ಜೊತೆ ಮುಂಗಡ ಕಾಯ್ದಿರಿಸುವಿಕೆ ಬಂತು. ಡಿಸ್ನಿಯ ಹೋಟೆಲಿನಲ್ಲಿ ಉಳಿಯುವವರಿಗೆ 60 ದಿನ ಮೊದಲು, ಉಳಿದವರಿಗೆ 30 ದಿನ ಮೊದಲು. ಗಣೇಶನ ಹಬ್ಬಕ್ಕೆ ಊರಿಗೆ ಹೋಗಲು ಬುಕಿಂಗ್ ತೆರೆಯುವ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂರುವ ಮುಂಬಯಿ ಕನ್ನಡಿಗರು ಆ 30 ದಿನದ ವ್ಯತ್ಯಾಸ ಏನೆಂದು ಬಲ್ಲರು.

ಸಾಲಿನ ಬಗ್ಗೆ 1987ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಎಂಐಟಿಯ ರಿಚರ್ಡ್ ಲಾರ್ಸನ್ ಒಂದು ಮುಖ್ಯ ಅಂಶ ತೋರಿಸಿದ್ದಾನೆ: ಜನರನ್ನು ಕೆರಳಿಸುವುದು ಕಾಯುವ ಹೊತ್ತಷ್ಟೇ ಅಲ್ಲ, ಹಿಂದೆ ಬಂದವನು ಮುಂದೆ ಹೋಗುವುದು. ಫಾಸ್ಟ್‌ಪಾಸ್ ಅದನ್ನೇ ಮಾಡಿತ್ತು. ಆದರೂ ಅದು ಎಲ್ಲರಿಗೂ ಸಿಗುತ್ತಿತ್ತು. ಓದಿ ತಿಳಿದವನಿಗೆ ಹೆಚ್ಚು, ತಿಳಿಯದವನಿಗೆ ಕಡಿಮೆ. ಇದೂ ಪೂರ್ತಿ ನ್ಯಾಯವೇನಲ್ಲ. ರಜೆಗೆ ಆರು ತಿಂಗಳು ಮೊದಲೇ ಓದಲು ಕೂರುವ ಪುರುಸೊತ್ತು ಎರಡು ಕೆಲಸ ಮಾಡುವ ತಾಯಿಗೆ ಎಲ್ಲಿಂದ ಬರಬೇಕು? ಆದರೂ ಪುಸ್ತಕದ ಬೆಲೆ ಪಾರ್ಕಿನ ಒಂದು ಊಟಕ್ಕಿಂತ ಹೆಚ್ಚೇನಿರಲಿಲ್ಲ, ಗ್ರಂಥಾಲಯದಿಂದ ತಂದರೆ ಅದೂ ಇಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಪಾರ್ಕು ಮುಚ್ಚಿತು, ಜುಲೈನಲ್ಲಿ ತೆರೆಯಿತು. ಉಚಿತ ಫಾಸ್ಟ್‌ಪಾಸ್ ಮಾತ್ರ ವಾಪಸು ಬರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಅದರ ಜಾಗಕ್ಕೆ ಬಂದ ಜೀನಿ ಪ್ಲಸ್‌ಗೆ ಫ್ಲಾರಿಡಾದಲ್ಲಿ ತಲೆಗೆ ದಿನಕ್ಕೆ 15 ಡಾಲರ್. ನಾಲ್ವರ ಕುಟುಂಬಕ್ಕೆ 60 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 4,500 ರೂಪಾಯಿ. ಅದೂ ಪ್ರವೇಶದ ದುಡ್ಡು ಕೊಟ್ಟ ಮೇಲೆ. ಅತಿ ಬೇಡಿಕೆಯ ಕೆಲವು ರೈಡುಗಳಿಗೆ ಮತ್ತೆ ಬೇರೆ ಬೆಲೆ. ಮರುವರ್ಷದಿಂದ ಜನಸಂದಣಿ ನೋಡಿ ದಿನಕ್ಕೊಂದು ದರ. 2024ರಲ್ಲಿ ಹೆಸರು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಎಂದಾಯಿತು. 1982ರಲ್ಲಿ ತೆಗೆದುಹಾಕಿದ ಇ ಟಿಕೆಟ್ಟೇ ಬೇರೆ ವೇಷದಲ್ಲಿ ಬಂತು ಎನ್ನಬಹುದು. ಒಂದು ವ್ಯತ್ಯಾಸವಿದೆ. ಆಗ ಒಂದು ಬೆಲೆಯ ಪುಸ್ತಕದಲ್ಲಿ ಎಲ್ಲರಿಗೂ ಅಷ್ಟೇ ಚೀಟಿ, ಎಲ್ಲರಿಗೂ ಒಂದೇ ಸಾಲು. ಈಗ ಸಾಲುಗಳೇ ಎರಡು, ಮತ್ತು ದುಡ್ಡು ಕೊಟ್ಟವರ ಸಾಲು ಬೇಗ ಸಾಗಬೇಕಾದರೆ ಕೊಡದವರ ಸಾಲು ಅಷ್ಟು ಹೊತ್ತು ನಿಲ್ಲಲೇಬೇಕು.

ಈ ಏರ್ಪಾಟು ಈಗ ಒರ್ಲ್ಯಾಂಡೊದ್ದು ಮಾತ್ರವಲ್ಲ. ಬಿಡದಿಯ ವಂಡರ್‌ಲಾದಲ್ಲಿ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ, ಖೋಪೋಲಿಯ ಇಮ್ಯಾಜಿಕಾದಲ್ಲಿ ಎಕ್ಸ್‌ಪ್ರೆಸ್ ಟಿಕೆಟ್. ತಿರುಪತಿಯ 300 ರೂಪಾಯಿಯ ದರ್ಶನವಂತೂ ಮನೆಮಾತು.

ಪುಸ್ತಕ ಇನ್ನೂ ಬರುತ್ತಿದೆ. ಈಗ ಅದರಲ್ಲಿ ಲೈಟ್ನಿಂಗ್ ಲೇನ್ ಯಾವ ದಿನ ಕೊಂಡರೆ ದುಡ್ಡಿಗೆ ಮೋಸವಿಲ್ಲ, ಯಾವ ದಿನ ಬೇಕಿಲ್ಲ ಎಂಬುದಕ್ಕೆ ಸಾಕಷ್ಟು ಪುಟಗಳು ಹೋಗುತ್ತವೆ. ಕೊಳ್ಳದವರಿಗೆ ಹಳೆಯ ಸಲಹೆಯೇ: ಬೇಗ ಏಳಿ, ಗೇಟು ತೆರೆಯುವ ಮೊದಲೇ ಬನ್ನಿ. ಆದರೆ ಡಿಸ್ನಿಯ ಹೋಟೆಲುಗಳಲ್ಲಿ ಉಳಿದವರನ್ನು ದಿನವೂ ಅರ್ಧ ಗಂಟೆ ಮೊದಲೇ ಒಳಗೆ ಬಿಡುತ್ತಾರೆ. ಹೆದ್ದಾರಿ ಬದಿಯ ಅಗ್ಗದ ಮೋಟೆಲಿನಿಂದ ಕತ್ತಲಲ್ಲೇ ಎದ್ದು, ಮಕ್ಕಳ ತಲೆ ಬಾಚಿ, ಬ್ರೆಡ್ಡು ಜಾಮು ಕಟ್ಟಿಕೊಂಡು ಬಂದ ಕುಟುಂಬ ಸರಿಯಾದ ಹೊತ್ತಿಗೆ ಒಳಗೆ ಕಾಲಿಟ್ಟಾಗ ಅವರಿಗಿಂತ ಮುಂದೆ ಆಗಲೇ ಒಂದು ಸಾಲಿರುತ್ತದೆ.