ನ್ಯಾಯಕ್ಕೆ ಅಡ್ಡಿ: ಅಮೆರಿಕದ ಅಧ್ಯಕ್ಷರ ವಿಷಯದಲ್ಲಿ

ತಮ್ಮ ಮೇಲೆಯೇ ನಡೆಯುತ್ತಿರುವ ತನಿಖೆಗೆ ಅಮೆರಿಕದ ಅಧ್ಯಕ್ಷರು ಕೈಹಾಕಿದರೆ ಅದು ‘ನ್ಯಾಯಕ್ಕೆ ಅಡ್ಡಿ’ ಎಂಬ ಅಪರಾಧವಾದೀತೆ ಎಂಬುದರ ಸುತ್ತ ಬೆಳೆದ ವಿವಾದ. ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಮುಖ್ಯಸ್ಥರನ್ನು ತೆಗೆಯುವ ಅಧಿಕಾರ ಅಧ್ಯಕ್ಷರದೇ. ಆದರೆ ಕಾನೂನು ಕೇಳುವುದು ದುರುದ್ದೇಶವಿತ್ತೆ ಎಂದು. ತೊಡಕು ಹುಟ್ಟುವುದು ಇಲ್ಲಿ. ಇದು ಅಪರಾಧವೆ, ಅಧಿಕಾರದಲ್ಲಿರುವವರ ಮೇಲೆ ಮೊಕದ್ದಮೆ ಹೂಡಬಹುದೆ, ವಾಗ್ದಂಡನೆಗೆ ಇಷ್ಟು ಸಾಕೆ ಎಂಬ ಮೂರು ಬೇರೆ ಪ್ರಶ್ನೆಗಳನ್ನು ಅನೇಕ ಬರಹಗಳು ಒಂದೇ ಎಂಬಂತೆ ಕಲಸಿಬಿಡುತ್ತವೆ.

ವಿರೋಧ ಪಕ್ಷದ ವಾಟರ್‌ಗೇಟ್ ಕಚೇರಿಯಲ್ಲಿ ನಡೆದ ಕಳ್ಳತನ ಬಯಲಾದ ಆರನೇ ದಿನ, 1972ರ ಜೂನ್ 23ರಂದು, ಸಿಐಎ ಮೂಲಕ ಹೇಳಿಸಿ ಎಫ್‌ಬಿಐ ತನಿಖೆಯನ್ನು ನಿಲ್ಲಿಸುವ ಉಪಾಯವನ್ನು ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥ ಹಾಲ್ಡೆಮನ್ ಮುಂದಿಟ್ಟರು. ಅಧ್ಯಕ್ಷ ರಿಚರ್ಡ್ ನಿಕ್ಸನ್ ಒಪ್ಪಿದರು. ಕಚೇರಿಯ ಧ್ವನಿಮುದ್ರಣ ಯಂತ್ರ ಅದನ್ನೆಲ್ಲ ಹಿಡಿದಿಟ್ಟಿತು. ನಿಕ್ಸನ್ ಇದಕ್ಕಾಗಿ ವಾಗ್ದಂಡನೆಗೊಳಗಾದರೆಂದು ಬರೆಯುವುದುಂಟು, ಅದು ಸರಿಯಲ್ಲ. 1974ರ ಜುಲೈ 27ರಂದು 27–11 ಮತಗಳಿಂದ ನ್ಯಾಯಕ್ಕೆ ಅಡ್ಡಿಯ ಆರೋಪವನ್ನು ಒಪ್ಪಿದ್ದು ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿ ಮಾತ್ರ. ಇಡೀ ಸಭೆ ಮತ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ನಂತರ ಅಧ್ಯಕ್ಷರಾದ ಫೋರ್ಡ್ ಕೊಟ್ಟ ಕ್ಷಮಾದಾನದಿಂದ ಕೋರ್ಟಿನ ದಾರಿಯೂ ಮುಚ್ಚಿತು. ಅಧಿಕಾರದಲ್ಲಿರುವ ಅಧ್ಯಕ್ಷರ ಮೇಲೆ ಕ್ರಿಮಿನಲ್ ಮೊಕದ್ದಮೆ ಸಲ್ಲದು ಎಂದು ನ್ಯಾಯ ಇಲಾಖೆ 1973ರಲ್ಲಿ ಬರೆದ ಟಿಪ್ಪಣಿ ಮಾತ್ರ ಉಳಿಯಿತು. ಅದು ಇಲಾಖೆಯ ಅಭಿಪ್ರಾಯ, ತೀರ್ಪಲ್ಲ.

ವಾಗ್ದಂಡನೆಗೊಳಗಾದ ಅಧ್ಯಕ್ಷ ಬಿಲ್ ಕ್ಲಿಂಟನ್ ಮೇಲಿನ ಇದೇ ಆರೋಪ 1999ರ ಫೆಬ್ರುವರಿಯಲ್ಲಿ ಸೆನೆಟ್‌ನಲ್ಲಿ 50–50ಕ್ಕೆ ನಿಂತು ಬಿದ್ದುಹೋಯಿತು.

2017ರ ಮೇ 9ರಂದು ಡೊನಾಲ್ಡ್ ಟ್ರಂಪ್ ಎಫ್‌ಬಿಐ ಮುಖ್ಯಸ್ಥ ಕೋಮಿ ಅವರನ್ನು ವಜಾ ಮಾಡಿದ ಮೇಲೆ ಚುನಾವಣೆಯಲ್ಲಿ ರಷ್ಯಾದ ಹಸ್ತಕ್ಷೇಪದ ತನಿಖೆಗೆ ವಿಶೇಷ ವಕೀಲರಾಗಿ ರಾಬರ್ಟ್ ಮುಲ್ಲರ್ ಬಂದರು. ಜೂನ್ 17ರಂದು, ಕಾಕತಾಳೀಯವಾಗಿ ವಾಟರ್‌ಗೇಟ್ ಕಳ್ಳತನದ 45ನೇ ವರ್ಷದ ದಿನವೇ, ಟ್ರಂಪ್ ಶ್ವೇತಭವನದ ವಕೀಲ ಮೆಕ್‌ಗಾನ್ ಅವರ ಮನೆಗೆ ಫೋನ್ ಮಾಡಿ ಮುಲ್ಲರ್‌ರನ್ನು ತೆಗೆಸಲು ಹೇಳಿದರು. ಮೆಕ್‌ಗಾನ್ ಹಾಗೆ ಮಾಡದೆ, ರಾಜೀನಾಮೆಗೆ ಸಿದ್ಧರಾಗಿ ಸಾಮಾನು ಕಟ್ಟಲು ಕಚೇರಿಗೆ ಹೋದರು. ಮರುವರ್ಷ ಸುದ್ದಿ ಹೊರಬಿದ್ದಾಗ, ಅದನ್ನು ಅಲ್ಲಗಳೆಯುವಂತೆ ಒತ್ತಾಯಿಸಿದ ಟ್ರಂಪ್, ವಕೀಲರೆಲ್ಲಾದರೂ ಟಿಪ್ಪಣಿ ಬರೆದುಕೊಳ್ಳುತ್ತಾರೆಯೆ ಎಂದು ಕೇಳಿದ್ದು ಮುಲ್ಲರ್ ವರದಿಯಲ್ಲಿದೆ.

2019ರ ಆ ವರದಿ ಟ್ರಂಪ್ ಅವರನ್ನು ದೋಷಮುಕ್ತಗೊಳಿಸಿತು ಎಂಬುದೂ, ಅಪರಾಧಿ ಎಂದಿತು ಎಂಬುದೂ ತಪ್ಪು. 1973ರ ನಿಲುವಿಗೆ ಕಟ್ಟುಬಿದ್ದ ಮುಲ್ಲರ್ ಎರಡನ್ನೂ ಹೇಳಲಿಲ್ಲ. ಆದರೆ ದುರುದ್ದೇಶದಿಂದ ಅಧಿಕಾರ ಬಳಸಿದರೆ ಕಾನೂನು ಅಧ್ಯಕ್ಷರಿಗೂ ಅನ್ವಯಿಸುತ್ತದೆ ಎಂದು ವಾದಿಸಿದರು. ಆಗಿನ ಅಟಾರ್ನಿ ಜನರಲ್ ವಿಲಿಯಂ ಬಾರ್ ಆ ಹುದ್ದೆಗೆ ಮತ್ತೆ ಬರುವ ಮೊದಲೇ, 2018ರಲ್ಲಿ, ಇದಕ್ಕೆ ವಿರುದ್ಧವಾಗಿ ಬರೆದಿದ್ದರು. ಸಾಕ್ಷ್ಯ ನಾಶ ಮಾಡಿದರೆ ಅಧ್ಯಕ್ಷರೂ ತಪ್ಪಿತಸ್ಥರೇ ಎಂದು ಆ ಟಿಪ್ಪಣಿಯಲ್ಲಿ ಅವರು ಒಪ್ಪಿದ್ದನ್ನು ಕಡೆಗಣಿಸುವವರೇ ಹೆಚ್ಚು. ಇಬ್ಬರ ಭಿನ್ನಮತ ಕಾಣುವಷ್ಟು ಅಗಲವಲ್ಲ.

2024ರ ಜುಲೈ 1ರಂದು ಸುಪ್ರೀಂ ಕೋರ್ಟ್, ಟ್ರಂಪ್ ಮೇಲಿನ, ಚುನಾವಣೆಗೆ ಸಂಬಂಧಿಸಿದ ಬೇರೊಂದು ಪ್ರಕರಣದಲ್ಲಿ, 6–3 ಬಹುಮತದಿಂದ ನ್ಯಾಯ ಇಲಾಖೆಯೊಂದಿಗಿನ ಅಧ್ಯಕ್ಷರ ಮಾತುಕತೆಗೆ ಪೂರ್ಣ ರಕ್ಷಣೆ ಕೊಟ್ಟಿತು. ಅಧಿಕೃತ ಕೃತ್ಯದ ಹಿಂದಿನ ಉದ್ದೇಶವನ್ನು ಕೆದಕಬಾರದೆಂದಿತು. ದುರುದ್ದೇಶವೇ ಆಧಾರವಾದ ಅಪರಾಧಕ್ಕೆ ಇದು ದೊಡ್ಡ ಪೆಟ್ಟು. ಟ್ರಂಪ್ ಮತ್ತೆ ಗೆದ್ದ ಮೇಲೆ, ನವೆಂಬರ್‌ನಲ್ಲಿ, 1973ರಿಂದ ಬಂದ ಅದೇ ನಿಲುವನ್ನು ಮುಂದಿಟ್ಟು ಸರ್ಕಾರಿ ವಕೀಲರು ಆ ಮೊಕದ್ದಮೆಯನ್ನೂ ಕೈಬಿಟ್ಟರು.