ವೈದ್ಯಪಾಠ ಪರದೆಗೆ ಬಂದಾಗ

ಶಿವಾಜಿನಗರದ ಬಸ್ ನಿಲ್ದಾಣದ ಸುತ್ತ ಓಡಾಡಿದವರಿಗೆ ಬೌರಿಂಗ್ ಆಸ್ಪತ್ರೆ ಗೊತ್ತೇ ಇರುತ್ತದೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರಿನ ಈ ಆಸ್ಪತ್ರೆ ದಂಡು ಪ್ರದೇಶದಲ್ಲಿ ಆರಂಭವಾದದ್ದು ಆ ದಶಕದಲ್ಲೇ. ಬೆಂಗಳೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಬಹುಕಾಲ ಇಲ್ಲಿನ ವಾರ್ಡುಗಳಲ್ಲಿ ರೋಗಿಯ ಪಕ್ಕ ನಿಂತು ಕಲಿತರು. 2019ರಲ್ಲಿ ಆಸ್ಪತ್ರೆಗೆ ತನ್ನದೇ ಕಾಲೇಜು ಬಂತು. ಅದೇ ವರ್ಷ ದೇಶದಾದ್ಯಂತ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾಗಿ, ಮೊದಲ ವರ್ಷದಿಂದಲೇ ವಿದ್ಯಾರ್ಥಿಗೆ ರೋಗಿಯ ಪರಿಚಯವಾಗಬೇಕೆಂಬ ನಿಯಮ ಜಾರಿಯಾಯಿತು. ಆ ಮೊದಲ ತಂಡ ಇನ್ನೂ ಮೊದಲ ವರ್ಷದಲ್ಲಿರುವಾಗಲೇ, 2020ರ ಮಾರ್ಚಿನಲ್ಲಿ, ಕೋವಿಡ್ ಬಂದು ಕಾಲೇಜುಗಳು ಮುಚ್ಚಿದವು. ಪಾಠ ಮೊಬೈಲಿನ ಪರದೆಗೆ ಬಂತು.

ಇಂಥ ಪಾಠದಲ್ಲಿ ವಿದ್ಯಾರ್ಥಿ ಮನಸ್ಸಿಟ್ಟು ತೊಡಗುವುದು ಯಾವುದರಿಂದ? ಪ್ರಶ್ನೆ ಕೋವಿಡ್ ಕಾಲದ್ದೆಂದು ನೀವು ಭಾವಿಸಬಹುದು. ನಮ್ಮ ರಾಜ್ಯದಲ್ಲಿ ಅದಕ್ಕೆ ಅರ್ಧ ಶತಮಾನದ ಇತಿಹಾಸವಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ತಲುಪಿತು. ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯ ಆಂಟೆನಾ ಉಪಗ್ರಹದ ಸಂಕೇತವನ್ನು ಹಿಡಿಯುತ್ತಿತ್ತು! ಆದರೆ ನೋಡುವವರು ತಿರುಗಿ ಏನನ್ನೂ ಕೇಳುವಂತಿರಲಿಲ್ಲ. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಅದು ಸಿದ್ಧವಾದದ್ದು ಇಂದಿರಾನಗರದ ಆಚೆ, ವಿಮಾನಪುರದ ಇಸ್ರೊ ಉಪಗ್ರಹ ಕೇಂದ್ರದಲ್ಲಿ. ಇದರ ಪೂರ್ವಪ್ರಯೋಗದಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇತ್ತು. ಈಗ ಪ್ರಶ್ನೆಗೂ ಒಂದು ದಾರಿ ದೊರೆಯಿತು.

ಜನ ಹೊಸ ತಂತ್ರಜ್ಞಾನವನ್ನು ಒಪ್ಪುವುದು ಎರಡು ಭಾವನೆಗಳಿಂದ ಎಂದು 1989ರಲ್ಲಿ ಫ್ರೆಡ್ ಡೇವಿಸ್ ತೋರಿಸಿದರು: ಇದು ಉಪಯುಕ್ತ, ಇದನ್ನು ಬಳಸುವುದು ಸುಲಭ. ಡೇಟಾ ಖರ್ಚು, ಮನೆಗೊಂದೇ ಫೋನು, ಕೂರಲು ಶಾಂತವಾದ ಮೂಲೆ ಇಲ್ಲದಿರುವುದು, ಇವೆಲ್ಲ ಎರಡನೆಯದಕ್ಕೆ ಸೇರುತ್ತವೆ. ಆದರೆ ಡೇವಿಸ್ ಗಮನಿಸಿದ್ದು ಕಂಪ್ಯೂಟರಿನ ತಂತ್ರಾಂಶ ಬಳಸುವವರನ್ನು. ವೈದ್ಯ ವಿದ್ಯಾರ್ಥಿಯ ವಿಚಾರದಲ್ಲಿ 'ಉಪಯುಕ್ತ' ಎಂಬುದು ವಿಷಯದಿಂದ ವಿಷಯಕ್ಕೆ ಬೇರೆಯಾಗುತ್ತದೆ.

ಅಂಗಾಂಶದ ಸ್ಲೈಡನ್ನು ತೆಗೆದುಕೊಳ್ಳಿ. ಪರದೆಯ ಮೇಲೆ ಎಲ್ಲರಿಗೂ ಒಂದೇ ಜೀವಕೋಶ ಕಾಣುತ್ತದೆ. ಸೂಕ್ಷ್ಮದರ್ಶಕದ ಮುಂದೆ ಸಾಲುಗಟ್ಟಿ ನಿಲ್ಲುವುದಕ್ಕಿಂತ ಇದೇ ಮೇಲು. ಇನ್ನು ಹೃದಯದ ಸದ್ದನ್ನು ನೋಡಿ. ಅದರ ಶಕ್ತಿಯ ಬಹುಪಾಲು 150 ಹರ್ಟ್ಸ್‌ಗಿಂತ ಕೆಳಗಿದೆ. ಮೂರನೆಯ ಸದ್ದಂತೂ ಕಿವಿ ಕೇಳಬಲ್ಲ ಅಂಚಿನಲ್ಲೇ ಇರುತ್ತದೆ. ಮೊಬೈಲಿನ ಪುಟ್ಟ ಸ್ಪೀಕರ್ ಅಷ್ಟು ತಗ್ಗಿನ ಆವರ್ತನಗಳನ್ನು ಸರಿಯಾಗಿ ಹೊರಡಿಸಲಾರದು. ಸಭೆಯ ತಂತ್ರಾಂಶಗಳಾದರೋ ಮಾತನ್ನು ಸ್ಪಷ್ಟಗೊಳಿಸಲು ಉಳಿದ ಸದ್ದನ್ನು ಗದ್ದಲವೆಂದು ಅಳಿಸುತ್ತವೆ. ಗುರುಗಳು ಪಾಠದಲ್ಲಿ ಎದೆಬಡಿತ ಕೇಳಿಸಲು ಹೋದರೆ, ಯಂತ್ರ ಅದನ್ನೇ ಗದ್ದಲವೆಂದು ತೆಗೆದುಹಾಕಬಹುದು! ಇಯರ್‌ಫೋನಿನಿಂದ ಇದಕ್ಕೆ ಸ್ವಲ್ಪ ಪರಿಹಾರವುಂಟು. ಹೊಟ್ಟೆ ಒತ್ತಿ ಯಕೃತ್ತಿನ ಅಂಚು ಹುಡುಕುವ ಬೆರಳಿಗೆ ಅದೂ ಇಲ್ಲ. ತನಗೆ ಕೇಳಿಸದ, ತಾನು ಮುಟ್ಟದ ಪಾಠದಲ್ಲಿ ಕ್ಯಾಮೆರಾ ಆರಿಸಿ ಕೂತ ವಿದ್ಯಾರ್ಥಿಯನ್ನು ಸೋಮಾರಿ ಎನ್ನುವುದು ಅವಸರದ ತೀರ್ಪು.

2020ರ ಡಿಸೆಂಬರ್ 1ರಿಂದ ರಾಜ್ಯದ ವೈದ್ಯಕೀಯ ಕಾಲೇಜುಗಳು ಮತ್ತೆ ತೆರೆದವು. 2019ರ ಪಠ್ಯಕ್ರಮದಲ್ಲಿ ಲಾಗ್‌ಬುಕ್ ಎಂಬ ದಾಖಲೆ ಪುಸ್ತಕವಿದೆ. ಕೆಲವು ಕೌಶಲಗಳನ್ನು ಗುರುವಿನ ಎದುರು ಎಷ್ಟು ಸಲ ಮಾಡಿ ತೋರಿಸಬೇಕೆಂದೂ ಪಠ್ಯಕ್ರಮವೇ ಹೇಳುತ್ತದೆ. ಲಾಗ್‌ಬುಕ್ಕಿನ ಆ ಸಾಲುಗಳಿಗೆ ಸಹಿ ಬೀಳಬೇಕಾದರೆ ರಕ್ತದೊತ್ತಡದ ಪಟ್ಟಿಯನ್ನು ಯಾರದಾದರೂ ತೋಳಿಗೆ ಕಟ್ಟಲೇಬೇಕು.